ಮಕ್ಕಳ ನಡತೆ: ಅರಿಯುವ ಬಗೆ, ತಿದ್ದುವ ಬಗೆ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆ ಬಿಟ್ಟು ಹೋಗುವ ಪ್ರತಿಯೊಂದು ಮಗುವಿನ ಕೈಗೂ ಒಂದು ಪ್ರಮಾಣಪತ್ರ ಸೇರುತ್ತದೆ. ಹುಟ್ಟಿದ ದಿನಾಂಕ, ತಂದೆತಾಯಿಯರ ಹೆಸರು, ಓದಿದ ತರಗತಿ, ಶಾಲೆ ಬಿಟ್ಟ ಕಾರಣ ಮುಂತಾದವನ್ನು ದಾಖಲೆ ನೋಡಿ ತುಂಬಿದ ಮೇಲೆ ‘ನಡತೆ’ ಎಂಬ ಅಂಕಣವೊಂದು ಉಳಿಯುತ್ತದೆ. ಅದಕ್ಕೆ ಯಾವ ದಾಖಲೆಯನ್ನೂ ನೋಡುವ ರೂಢಿಯಿಲ್ಲ. ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಬರೆದು ಮುದ್ರೆ ಒತ್ತಲಾಗುತ್ತದೆ. ವರ್ಷಗಟ್ಟಲೆ ಶಿಕ್ಷಕರ ಕಣ್ಣ ಮುಂದೆ ಬೆಳೆದ ಜೀವವೊಂದರ ವಿಷಯದಲ್ಲಿ ಶಾಲೆ ಹೇಳುವ ಅಧಿಕೃತ ಮಾತು ಇಷ್ಟೇ.

ಆದರೆ ಬರೆಯದೆ ಕೊಡುವ ಪ್ರಮಾಣಪತ್ರ ಬೇರೊಂದಿದೆ. ‘ಅವನ ಕೈ ಸ್ವಲ್ಪ ಉದ್ದ’, ‘ಅವಳ ಬಾಯಲ್ಲಿ ನಿಜವೇ ಬರುವುದಿಲ್ಲ’, ‘ಆ ಮನೆಯ ಮಕ್ಕಳೆಲ್ಲ ಹಾಗೆಯೇ’ ಎಂಬ ಮಾತುಗಳು ಶಿಕ್ಷಕರ ಕೊಠಡಿಯಲ್ಲಿ ಒಬ್ಬರಿಂದ ಒಬ್ಬರಿಗೆ, ಒಂದು ತರಗತಿಯಿಂದ ಮುಂದಿನ ತರಗತಿಗೆ ಸಾಗುತ್ತವೆ. ನಗರದ ದೊಡ್ಡ ಶಾಲೆಯಲ್ಲಿ ಇಂಥ ಮಾತು ಗದ್ದಲದೊಳಗೆ ಕರಗಿಹೋಗಬಹುದು. ಕಾಸರಗೋಡಿನ ಒಳನಾಡಿನ ಕನ್ನಡ ವಿಭಾಗದಲ್ಲಿ, ತಾಳವಾಡಿಯ ಬೆಟ್ಟದ ಊರಿನ ಶಾಲೆಯಲ್ಲಿ, ಜತ್ತ ಅಥವಾ ಅಕ್ಕಲಕೋಟದ ಹಳ್ಳಿಯ ಕನ್ನಡ ಶಾಲೆಯಲ್ಲಿ ಅದು ಅಷ್ಟು ಸುಲಭವಾಗಿ ಕರಗುವುದಿಲ್ಲ. ಅಲ್ಲಿ ತರಗತಿಗಳು ಚಿಕ್ಕವು. ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಅದೇ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅನೇಕ ಕಡೆ ಎರಡು ಮೂರು ತರಗತಿಗಳಿಗೆ ಒಂದೇ ಕೊಠಡಿ, ಒಬ್ಬರೇ ಶಿಕ್ಷಕರು. ಒಮ್ಮೆ ಅಂಟಿದ ಹೆಸರನ್ನು ತೊಳೆದುಕೊಳ್ಳಲು ಮಗುವಿಗೆ ಅಲ್ಲಿ ಬೇರೆ ವಿಭಾಗವಿಲ್ಲ. ಹತ್ತಿರದಲ್ಲಿ ಬೇರೆ ಕನ್ನಡ ಶಾಲೆಯೂ ಇಲ್ಲದಿರಬಹುದು. ಹಾಗಾಗಿ ನಡತೆ ಎಂದರೇನು, ಅದು ಉತ್ತಮಗೊಳ್ಳುವುದು ಹೇಗೆ ಎಂಬ ಪ್ರಶ್ನೆಗಳು ಈ ಶಾಲೆಗಳ ಶಿಕ್ಷಕರಿಗೆ ತತ್ತ್ವಶಾಸ್ತ್ರದ ವಿನೋದಗಳಾಗಿ ಉಳಿಯುವುದಿಲ್ಲ. ದಿನದ ಕೆಲಸದಲ್ಲಿಯೇ ಅವು ಎದುರಾಗುತ್ತವೆ.

ಪದದೊಳಗಿನ ಸುಳಿವು

‘ನಡತೆ’ ಎಂಬ ಪದ ‘ನಡೆ’ ಎಂಬ ಧಾತುವಿನಿಂದ ಬಂದಿದೆ. ತಮಿಳಿನ ‘ನಡತ್ತೈ’, ತೆಲುಗಿನ ‘ನಡವಡಿಕ’ ಎಂಬ ಪದಗಳಲ್ಲಿಯೂ ಇದೇ ನಡೆಯುವ ಕ್ರಿಯೆಯಿದೆ. ಸಂಸ್ಕೃತದಿಂದ ಬಂದ ‘ಚಾರಿತ್ರ್ಯ’ದ ಮೂಲದಲ್ಲಿ ‘ಚರ್’, ಅಂದರೆ ಚಲಿಸು ಎಂಬ ಅರ್ಥವಿದೆ. ಗಡಿನಾಡಿನ ಮಕ್ಕಳ ಕಿವಿಗೆ ಬೀಳುವ ಇಷ್ಟು ಮಾತುಗಳಲ್ಲಿ ನಡತೆಯೆಂಬುದು ವ್ಯಕ್ತಿಯೊಳಗೆ ಕುಳಿತಿರುವ ವಸ್ತುವಾಗಿ ಕಾಣದೆ ವ್ಯಕ್ತಿ ನಡೆಯುವ ರೀತಿಯಾಗಿ ಕಂಡಿದೆ. ನಡೆಯುವವನು ಎಡವಬಹುದು, ದಾರಿ ತಪ್ಪಬಹುದು, ತಿರುಗಿ ಬರಲೂಬಹುದು.

ಇದಕ್ಕೆ ಎದುರಾಗಿ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೂ ಜನರ ಬಾಯಲ್ಲಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಇನ್ನೊಂದು ಗಾದೆ ಅಷ್ಟು ನಿರಾಶೆಯದಲ್ಲ. ಎಳೆಯ ವಯಸ್ಸಿನಲ್ಲಾದರೂ ತಿದ್ದಬಹುದೆಂದು ಅದು ಒಪ್ಪುತ್ತದೆ. ಮೊದಲನೆಯ ಗಾದೆ ಶಿಕ್ಷಕರಿಗೆ ಕೆಲಸವನ್ನೇ ಉಳಿಸುವುದಿಲ್ಲ. ಎರಡನೆಯದು ಕೆಲಸವನ್ನೆಲ್ಲ ಶಿಕ್ಷಕರ ಕೈಗೇ ಕೊಟ್ಟು, ಮಗುವನ್ನು ಬಗ್ಗಿಸಿಕೊಳ್ಳುವ ಕೊಂಬೆಯಾಗಿ ಮಾತ್ರ ಕಾಣುತ್ತದೆ. ನಡೆಯುವುದನ್ನು ಮಾತ್ರ ಯಾರೂ ಇನ್ನೊಬ್ಬರ ಪರವಾಗಿ ಮಾಡಲಾರರು. ಕೈ ಹಿಡಿಯಬಹುದು, ದಾರಿ ತೋರಬಹುದು, ಮುಳ್ಳು ಸರಿಸಬಹುದು; ಹೆಜ್ಜೆಯನ್ನು ಮಗುವೇ ಇಡಬೇಕು.

ಒಂದೇ ಮಗು, ಹಲವು ನಡೆಗಳು

ಮೋಹನದಾಸ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ರಾಜಕೋಟೆಯ ಪ್ರೌಢಶಾಲೆಯ ಮೊದಲ ವರ್ಷದ ಘಟನೆಯೊಂದನ್ನು ದಾಖಲಿಸಿದ್ದಾರೆ. ಶಿಕ್ಷಣಾಧಿಕಾರಿ ಜೈಲ್ಸ್ ಎಂಬವರು ಶಾಲಾ ತಪಾಸಣೆಗೆ ಬಂದು ಮಕ್ಕಳಿಗೆ ಐದು ಇಂಗ್ಲಿಷ್ ಪದಗಳನ್ನು ಬರೆಯಲು ಹೇಳಿದರು. ‘ಕೆಟಲ್’ ಎಂಬ ಪದವನ್ನು ಬಾಲಕ ಗಾಂಧಿ ತಪ್ಪಾಗಿ ಬರೆದಿದ್ದ. ತರಗತಿಯ ಶಿಕ್ಷಕರು ಬೂಟಿನ ತುದಿಯಿಂದ ತಟ್ಟಿ, ಪಕ್ಕದವನ ಸ್ಲೇಟು ನೋಡಿ ಬರೆಯುವಂತೆ ಸೂಚಿಸಿದರು. ನಕಲು ಮಾಡದಂತೆ ಕಾಯಲೆಂದೇ ಶಿಕ್ಷಕರು ಅಲ್ಲಿದ್ದಾರೆಂದು ನಂಬಿದ್ದ ಹುಡುಗನಿಗೆ ಆ ಸೂಚನೆ ಅರ್ಥವೇ ಆಗಲಿಲ್ಲ. ಉಳಿದ ಮಕ್ಕಳೆಲ್ಲರ ಪದಗಳೂ ಸರಿಯಾಗಿದ್ದವು. ಅವನೊಬ್ಬನೇ ಪೆದ್ದನಾಗಿ ಕಂಡ.

ಈ ಘಟನೆ ಅನೇಕ ಶಾಲೆಗಳಲ್ಲಿ ಹೇಳುವ ಕಥೆಯಾಗಿದೆ. ಅದೇ ಆತ್ಮಕಥೆಯಲ್ಲಿ ಮುಂದೆ ಬರುವ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ಓದುವುದು ಅಪರೂಪ. ನಕಲು ಮಾಡದ ಅದೇ ಹುಡುಗ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಬೀಡಿ ಸಿಗರೇಟಿನ ಚಟಕ್ಕಾಗಿ ಮನೆಯ ಆಳಿನ ಕಾಸುಗಳನ್ನು ಕದ್ದ. ಹದಿನೈದರ ವಯಸ್ಸಿನಲ್ಲಿ ಅಣ್ಣನ ಸುಮಾರು 25 ರೂಪಾಯಿ ಸಾಲ ತೀರಿಸಲು ಅಣ್ಣನ ತೋಳಿನ ಚಿನ್ನದ ಕಡಗದಿಂದ ಒಂದು ತುಣುಕನ್ನು ಕದ್ದ. ಪರೀಕ್ಷೆಯ ಕೊಠಡಿಯಲ್ಲಿ ಪ್ರಾಮಾಣಿಕನಾಗಿದ್ದವನು ಮನೆಯಲ್ಲಿ ಕಳ್ಳತನ ಮಾಡಿದ. ಹುಡುಗನ ‘ನಿಜವಾದ’ ನಡತೆ ಯಾವುದು ಎಂದು ಕೇಳಿದರೆ ಎರಡೂ ಅವನವೇ ಎಂದು ಹೇಳಬೇಕಾಗುತ್ತದೆ.

ಇದು ಒಬ್ಬ ಹುಡುಗನ ವಿಚಿತ್ರವಲ್ಲ. ಅಮೆರಿಕದಲ್ಲಿ ಹ್ಯೂ ಹಾರ್ಟ್ಸ್‌ಹಾರ್ನ್ ಮತ್ತು ಮಾರ್ಕ್ ಮೇ ಎಂಬ ಸಂಶೋಧಕರು 8ರಿಂದ 16 ವರ್ಷದೊಳಗಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಅವರ ವರದಿ 1928ರಿಂದ 1930ರ ನಡುವೆ ಮೂರು ಸಂಪುಟಗಳಲ್ಲಿ ಹೊರಬಂತು. ಮಕ್ಕಳ ಉತ್ತರಪತ್ರಿಕೆಗಳನ್ನು ಸಂಗ್ರಹಿಸಿ, ಗುಟ್ಟಾಗಿ ಪ್ರತಿ ಮಾಡಿಟ್ಟುಕೊಂಡು, ಮರಳಿ ಮಕ್ಕಳಿಗೇ ಸರಿಯುತ್ತರಗಳೊಂದಿಗೆ ಕೊಟ್ಟು, ತಾವೇ ಅಂಕ ಹಾಕಿಕೊಳ್ಳುವಂತೆ ಹೇಳುವುದು ಅವರ ವಿಧಾನಗಳಲ್ಲೊಂದು. ಯಾರು ಉತ್ತರ ಬದಲಿಸಿದರು ಎಂಬುದು ಮೊದಲಿನ ಪ್ರತಿಯಿಂದ ತಿಳಿಯುತ್ತಿತ್ತು. ಆಟದಲ್ಲಿ, ಮನೆಗೆಲಸದಲ್ಲಿ, ಹಣದ ವಿಷಯದಲ್ಲಿ ಬೇರೆ ಬೇರೆ ಪರೀಕ್ಷೆಗಳಿದ್ದವು. ಒಂದೆಡೆ ಮೋಸ ಮಾಡಿದ ಮಗು ಇನ್ನೊಂದೆಡೆಯೂ ಮೋಸ ಮಾಡುತ್ತದೆಂದು ಮುಂಚಿತವಾಗಿ ಹೇಳುವುದು ಬಹಳ ಕಷ್ಟವೆಂದು ಅವರು ಕಂಡುಕೊಂಡರು. ಮಕ್ಕಳನ್ನು ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಸಾಲುಗಳಲ್ಲಿ ನಿಲ್ಲಿಸಲು ಆಗಲಿಲ್ಲ. ಆ ಅಂಕಿಅಂಶಗಳನ್ನು ಮುಂದೆ ಮರುಪರಿಶೀಲಿಸಿದ ವಿದ್ವಾಂಸರು, ಸಂದರ್ಭಗಳನ್ನು ದಾಟಿ ಉಳಿಯುವ ಪ್ರಾಮಾಣಿಕತೆಯ ಅಂಶ ಸ್ವಲ್ಪಮಟ್ಟಿಗೆ ಇದೆಯೆಂದು ತೋರಿಸಿದ್ದಾರೆ. ಆದರೆ ಒಂದು ಘಟನೆಯಿಂದ ಇಡೀ ಮಗುವನ್ನು ಅಳೆಯಬಹುದೆಂದು ಅವರೂ ಹೇಳಿಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತು ಶಿಕ್ಷಕರಿಗೆ ಹೆಚ್ಚು ಮುಖ್ಯವಾದದ್ದು. ನೀತಿಯ ಉಪದೇಶ ಕೇಳಲು ಹೋಗುತ್ತಿದ್ದುದರಿಂದ ಮಕ್ಕಳ ಮೋಸ ಗಣನೀಯವಾಗಿ ಕಡಿಮೆಯಾದದ್ದು ಕಾಣಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ನಡುವೆ ಸ್ನೇಹ ಮತ್ತು ಸಹಕಾರದ ಸಂಬಂಧವಿದ್ದ ತರಗತಿಗಳಲ್ಲಿ ಮೋಸ ಕಡಿಮೆಯಿತ್ತು.

ದೊಡ್ಡವರ ಸ್ಥಿತಿಯೂ ಬಹಳ ಬೇರೆಯಲ್ಲ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಧರ್ಮಶಾಸ್ತ್ರ ವಿದ್ಯಾಲಯದ 40 ವಿದ್ಯಾರ್ಥಿಗಳು ಭಾಗವಹಿಸಿದ್ದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕೆಂದು ಅವರಿಗೆ ಹೇಳಲಾಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತಿದ್ದ. ಸಾಕಷ್ಟು ಸಮಯವಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಮುಂದಾದರು. ಸ್ವಲ್ಪ ಅವಸರದಲ್ಲಿದ್ದವರಲ್ಲಿ ಶೇ. 45ರಷ್ಟು, ತಡವಾಯಿತೆಂದು ಓಡಿಸಲ್ಪಟ್ಟವರಲ್ಲಿ ಶೇ. 10ರಷ್ಟು ಮಾತ್ರ. ಕೆಲವರು ಮಾಡಬೇಕಾಗಿದ್ದ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಕಥೆ. ಆ ಕಥೆಯನ್ನು ಮನಸ್ಸಿನಲ್ಲಿ ಹೊತ್ತು ನಡೆದದ್ದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕೊನೆಯ ಗಂಟೆಯ ಅವಸರದಲ್ಲಿ ಬಿದ್ದ ಗೆಳೆಯನನ್ನು ದಾಟಿ ಓಡಿದ ಮಗುವಿಗೆ ‘ನಿನಗೆ ಕರುಣೆಯೇ ಇಲ್ಲ’ ಎನ್ನುವ ಮೊದಲು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಸಂದರ್ಭವೇ ಎಲ್ಲವನ್ನೂ ನಿರ್ಧರಿಸುತ್ತದೆ, ಆದ್ದರಿಂದ ಯಾರೂ ಹೊಣೆಗಾರರಲ್ಲ ಎಂಬ ತೀರ್ಮಾನಕ್ಕೆ ಇದರಿಂದ ಬರಬಾರದು. ಅತ್ಯಂತ ಅವಸರದಲ್ಲಿದ್ದವರಲ್ಲಿಯೂ ನಿಂತವರಿದ್ದರು. ಕಲಿಯಬೇಕಾದದ್ದು ಎರಡು ಮಾತು: ಒಂದು ಕೃತ್ಯವನ್ನು ಮಗುವಿನ ಹೆಸರಾಗಿ ಮಾಡಬಾರದು, ಒಳ್ಳೆಯ ನಡೆಗೆ ಎಡೆಯಿರುವಂತೆ ಸಂದರ್ಭವನ್ನು ರೂಪಿಸಬೇಕು.

ಅಭ್ಯಾಸ ಎಂಬ ಎರಡರ್ಥದ ಮಾತು

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಪದಕ್ಕೆ ಓದು ಎಂಬ ಅರ್ಥವೂ ಇದೆ, ರೂಢಿ ಎಂಬ ಅರ್ಥವೂ ಇದೆ. ಸೊಲ್ಲಾಪುರದ ಕಡೆ ‘ಅಭ್ಯಾಸ ಮಾಡು’ ಎಂದರೆ ಪಾಠ ಓದು ಎಂದೇ ಮಕ್ಕಳಿಗೆ ಅರ್ಥವಾಗುತ್ತದೆ, ಮರಾಠಿಯಲ್ಲಿಯೂ ಹಾಗೆಯೇ. ‘ಬೇಗ ಏಳುವುದು ಅಭ್ಯಾಸವಾಗಿದೆ’ ಎಂದಾಗ ಅದು ರೂಢಿ. ನಡತೆಯ ವಿಷಯದಲ್ಲಿ ಈ ಎರಡೂ ಅರ್ಥಗಳು ಒಂದಾಗುತ್ತವೆ.

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಇದನ್ನು ಕಸುಬಿನ ಹೋಲಿಕೆಯಿಂದ ವಿವರಿಸಿದ. ಮನೆ ಕಟ್ಟಿ ಕಟ್ಟಿ ಮನುಷ್ಯ ಮನೆ ಕಟ್ಟುವವನಾಗುತ್ತಾನೆ, ವಾದ್ಯ ನುಡಿಸಿ ನುಡಿಸಿ ವಾದಕನಾಗುತ್ತಾನೆ. ಹಾಗೆಯೇ ನ್ಯಾಯದ ಕೆಲಸ ಮಾಡುತ್ತ ನ್ಯಾಯವಂತನಾಗುತ್ತಾನೆ ಎಂಬುದು ಅವನ ಅಭಿಪ್ರಾಯ. ಇದರೊಂದಿಗೆ ಅವನು ಸೇರಿಸಿದ ಎಚ್ಚರಿಕೆಯೂ ಇದೆ: ತಪ್ಪಾಗಿ ನುಡಿಸುತ್ತ ಹೋದರೆ ಕೆಟ್ಟ ವಾದಕನಾಗುವುದೂ ಅಭ್ಯಾಸದಿಂದಲೇ. ಆದ್ದರಿಂದ ಬಳಿಯಲ್ಲಿ ನಿಂತು ತಿದ್ದುವವರು ಬೇಕು.

ಅಕ್ಷರ ಕಲಿಸುವ ಶಿಕ್ಷಕರಿಗೆ ಈ ಮಾತು ಹೊಸದಲ್ಲ. ‘ಅಕ್ಷರ ದುಂಡಗಿರಲಿ’ ಎಂದು ನೂರು ಬಾರಿ ಹೇಳಿದ ಮಾತ್ರಕ್ಕೆ ಯಾವ ಮಗುವಿನ ಕೈಬರಹವೂ ದುಂಡಗಾಗಿಲ್ಲ. ಕೈ ಹಿಡಿದು ತಿದ್ದಿಸಿ, ಗೆರೆ ಹಾಕಿ ಕೊಟ್ಟು, ದಿನಕ್ಕೊಂದು ಪುಟ ಬರೆಸಿದಾಗ ಆಗಿದೆ. ನಡತೆಯ ವಿಷಯಕ್ಕೆ ಬಂದಾಗ ಮಾತ್ರ ಪ್ರಾರ್ಥನೆಯ ಹೊತ್ತಿನ ಉಪದೇಶವೇ ಸಾಕೆಂದು ಭಾವಿಸಲಾಗುತ್ತದೆ. ಪ್ರಾಮಾಣಿಕತೆಗೂ ಕಾಪಿಪುಸ್ತಕ ಬೇಕು.

ಚಿಕ್ಕ ಶಾಲೆಯಲ್ಲಿ ಅಂಥ ಅಭ್ಯಾಸಕ್ಕೆ ಅವಕಾಶಗಳು ಹೇರಳ. ವಾರಕ್ಕೊಮ್ಮೆ ಉಕ್ತಲೇಖನವನ್ನು ಮಕ್ಕಳೇ ತಿದ್ದಿಕೊಳ್ಳಲಿ, ಅದಕ್ಕೆ ಅಂಕವಿರದಿರಲಿ, ತನ್ನ ತಪ್ಪನ್ನು ತಾನೇ ಹುಡುಕಿ ಗುರುತು ಹಾಕಿದ ಮಗುವಿಗೆ ತರಗತಿಯಲ್ಲಿ ಗೌರವ ಸಿಗಲಿ. ಗ್ರಂಥಾಲಯದ ಪೆಟ್ಟಿಗೆಯಿಂದ ಪುಸ್ತಕ ಒಯ್ಯುವವರು ತಾವೇ ವಹಿಯಲ್ಲಿ ಬರೆದು ಒಯ್ಯಲಿ, ತಾವೇ ಬರೆದು ಮರಳಿಸಲಿ. ಬಿದ್ದು ಸಿಕ್ಕ ವಸ್ತುಗಳನ್ನು ಇಡಲು ಬಾಗಿಲ ಬಳಿ ಒಂದು ಡಬ್ಬಿಯಿರಲಿ. ಮಧ್ಯಾಹ್ನದ ಊಟ ಬಡಿಸುವ ಸರದಿಯವರು ಕೊನೆಗೆ ಉಣ್ಣಲಿ. ಹಲವು ತರಗತಿಗಳು ಒಂದೇ ಕೊಠಡಿಯಲ್ಲಿರುವ ಕಡೆ ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಮಗುವಿಗೆ ಓದಿಸಲಿ. ತಾಳ್ಮೆ ಎಂಬ ಪಾಠಕ್ಕೆ ಬಹುತರಗತಿ ಕೊಠಡಿಗಿಂತ ಒಳ್ಳೆಯ ಕಮ್ಮಟ ಸಿಗಲಾರದು.

ಇಲ್ಲಿ ಒಂದು ವಿವೇಕ ಅಗತ್ಯ. ಮಗುವಿನ ಪ್ರಾಮಾಣಿಕತೆಯನ್ನು ಪರೀಕ್ಷಿಸಲೆಂದು ಮೇಜಿನ ಮೇಲೆ ಹಣವಿಟ್ಟು ಮರೆಯಲ್ಲಿ ಕಾಯುವುದು ಅಭ್ಯಾಸವಾಗದು, ಬಲೆಯಾಗುತ್ತದೆ. ಈಜು ಕಲಿಸುವವರು ಮೊದಲ ದಿನವೇ ನಡುಹೊಳೆಗೆ ದೂಡುವುದಿಲ್ಲ. ಗೆಲ್ಲಬಹುದಾದ ಚಿಕ್ಕ ಅವಕಾಶಗಳಲ್ಲಿ ಗೆದ್ದು ಗೆದ್ದು ಮಗು ದೊಡ್ಡ ಪ್ರಲೋಭನೆಗೆ ಸಿದ್ಧವಾಗಬೇಕು.

ಹೊಗಳಿಕೆಗೂ ಇದೇ ವಿವೇಕ ಬೇಕು. ಚೀನಾದಲ್ಲಿ 3 ಮತ್ತು 5 ವರ್ಷದ ಮಕ್ಕಳೊಂದಿಗೆ ನಡೆಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ‘ನೀನು ಜಾಣ’ ಎಂಬರ್ಥದ ಹೊಗಳಿಕೆ ಪಡೆದ ಮಕ್ಕಳು, ‘ಈ ಬಾರಿ ಚೆನ್ನಾಗಿ ಮಾಡಿದೆ’ ಎಂಬರ್ಥದ ಹೊಗಳಿಕೆ ಪಡೆದವರಿಗಿಂತ ಹೆಚ್ಚಾಗಿ ಆಟದಲ್ಲಿ ಮೋಸ ಮಾಡಿದರು. ಜಾಣನೆಂಬ ಹೆಸರು ಬಂದ ಮೇಲೆ ಅದನ್ನು ಉಳಿಸಿಕೊಳ್ಳುವ ಭಾರವೂ ಬರುತ್ತದೆ. ಕೆಟ್ಟ ಹೆಸರು ಮಗುವನ್ನು ಕಟ್ಟಿಹಾಕುವಂತೆ ಒಳ್ಳೆಯ ಹೆಸರೂ ಕಟ್ಟಿಹಾಕಬಲ್ಲದು. ಹೆಸರಿಡುವುದಕ್ಕಿಂತ ಮಾಡಿದ ಕೆಲಸವನ್ನು ಗುರುತಿಸಿ ಹೇಳುವುದು ಎರಡು ಕಡೆಯೂ ಕ್ಷೇಮ.

ತಪ್ಪಿನ ನಂತರದ ದಾರಿ

ಎಷ್ಟೇ ಅಭ್ಯಾಸವಿದ್ದರೂ ತಪ್ಪು ನಡೆಯುತ್ತದೆ. ತಪ್ಪಾದ ಮರುಗಳಿಗೆಯಲ್ಲಿ ಹಿರಿಯರು ಏನು ಮಾಡುತ್ತಾರೆಂಬುದರ ಮೇಲೆ ಬಹಳಷ್ಟು ನಿಂತಿದೆ.

ಕಡಗದ ಚಿನ್ನ ಕದ್ದ ಹದಿನೈದರ ಗಾಂಧಿ ತಂದೆಯ ಮುಂದೆ ಬಾಯಿಬಿಟ್ಟು ಹೇಳಲಾರದೆ, ತಪ್ಪನ್ನು ಚೀಟಿಯಲ್ಲಿ ಬರೆದ. ತಕ್ಕ ಶಿಕ್ಷೆಯನ್ನು ಬೇಡಿದ. ತನಗಾಗಿ ತಂದೆ ತಮ್ಮನ್ನು ದಂಡಿಸಿಕೊಳ್ಳಬಾರದೆಂದು ಕೋರಿದ. ಇನ್ನೆಂದೂ ಕದಿಯುವುದಿಲ್ಲವೆಂದು ಮಾತು ಕೊಟ್ಟ. ಕಾಯಿಲೆಯಿಂದ ಹಲಗೆಯ ಮಂಚದಲ್ಲಿ ಮಲಗಿದ್ದ ತಂದೆ ಎದ್ದು ಕುಳಿತು ಚೀಟಿ ಓದಿದರು. ಕಣ್ಣೀರು ಕಾಗದವನ್ನು ತೋಯಿಸಿತು. ಅರೆಗಳಿಗೆ ಕಣ್ಣು ಮುಚ್ಚಿ, ಬಳಿಕ ಆ ಚೀಟಿಯನ್ನು ಹರಿದುಹಾಕಿದರು. ಬಯ್ಯಲಿಲ್ಲ. ತಂದೆಯ ಆ ಶಾಂತಿ ತಮಗೆ ಅಹಿಂಸೆಯ ಪಾಠವಾಯಿತೆಂದು ಗಾಂಧಿಯವರು ಮುಂದೆ ಬರೆದರು. ತಪ್ಪಿನ ದಾಖಲೆಯನ್ನು ತಂದೆ ತಮ್ಮ ಕೈಯಿಂದಲೇ ಹರಿದರು ಎಂಬುದು ಈ ಪ್ರಸಂಗದ ಮರ್ಮ. ಮಗ ತಪ್ಪನ್ನು ಮರೆಯಲಿಲ್ಲ. ತಂದೆ ಅದನ್ನು ಮಗನ ಹೆಸರಾಗಿ ಕಾದಿಡಲಿಲ್ಲ.

ನಿಜ ಹೇಳಿದವರಿಗೆ ದೊರೆಯುವ ಸ್ವಾಗತ ಎಷ್ಟು ಮುಖ್ಯವೆಂಬುದನ್ನು 2014ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಬೇರೊಂದು ದಾರಿಯಿಂದ ತೋರಿಸಿತು. 3ರಿಂದ 7 ವರ್ಷದ ಮಕ್ಕಳಿಗೆ ಆಟವೊಂದರಲ್ಲಿ ಕದ್ದು ನೋಡುವ ಅವಕಾಶ ಕೊಟ್ಟು, ಆಮೇಲೆ ಒಂದು ಕಥೆ ಹೇಳಿ, ‘ನೋಡಿದೆಯಾ?’ ಎಂದು ಕೇಳಲಾಯಿತು. ಸುಳ್ಳು ಹೇಳಿ ತೋಳದ ಪಾಲಾದ ಕುರಿ ಕಾಯುವ ಹುಡುಗನ ಕಥೆಯಾಗಲಿ, ಸುಳ್ಳಾಡಿ ಮೂಗು ಬೆಳೆಸಿಕೊಂಡ ಗೊಂಬೆಯ ಕಥೆಯಾಗಲಿ ಮಕ್ಕಳು ನಿಜ ಹೇಳುವುದನ್ನು ಹೆಚ್ಚಿಸಲಿಲ್ಲ. ಚೆರ್ರಿ ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕ ವಾಷಿಂಗ್ಟನ್ನನ ಕಥೆ ಹೆಚ್ಚಿಸಿತು. ಆ ಕಥೆ ಇತಿಹಾಸವಲ್ಲ, ಜೀವನಚರಿತ್ರೆಕಾರನೊಬ್ಬ ಸೇರಿಸಿದ್ದು; ಆದರೂ ನಿಜ ಹೇಳಿದರೆ ಬಾಗಿಲು ತೆರೆಯುತ್ತದೆಂಬ ಭರವಸೆ ಅದರಲ್ಲಿದೆ. ಸುಳ್ಳಿಗೆ ಶಿಕ್ಷೆಯಿದೆಯೆಂಬ ಭಯ ಮಗುವಿಗೆ ಸುಳ್ಳನ್ನು ಇನ್ನಷ್ಟು ಜಾಣತನದಿಂದ ಹೇಳುವುದನ್ನೇ ಕಲಿಸಬಹುದು.

ಈ ಬೆಳಕಿನಲ್ಲಿ ಕನ್ನಡ ಮಕ್ಕಳೆಲ್ಲರೂ ಬಲ್ಲ ಪುಣ್ಯಕೋಟಿಯ ಕಥೆಯನ್ನು ಮತ್ತೆ ನೋಡಬಹುದು. ಪಾಠ ಮಾಡುವಾಗ ಸಾಮಾನ್ಯವಾಗಿ ಹಸುವಿನ ಸತ್ಯವನ್ನು ಮಾತ್ರ ಎತ್ತಿ ಹೇಳಲಾಗುತ್ತದೆ. ಆದರೆ ಕಥೆಯಲ್ಲಿ ಮೊದಲು ನಡೆಯುವುದು ಹುಲಿಯ ನಂಬಿಕೆ. ಹಸಿದ ಹುಲಿ ಕೈಗೆ ಸಿಕ್ಕ ಹಸುವನ್ನು, ಕರುವಿಗೆ ಹಾಲೂಡಿಸಿ ಬರಲೆಂದು ಬಿಟ್ಟುಕೊಡುತ್ತದೆ. ಆ ನಂಬಿಕೆ ಇಲ್ಲದಿದ್ದರೆ ಹಸುವಿನ ಸತ್ಯ ಪ್ರಕಟವಾಗಲು ಅವಕಾಶವೇ ಇರುತ್ತಿರಲಿಲ್ಲ. ಮರಳಿ ಬಂದ ಹಸುವನ್ನು ಕಂಡು ಹುಲಿಯ ಮನಸ್ಸು ತಿರುಗುತ್ತದೆ. ಉಪದೇಶದಿಂದ ತಿರುಗದ ಮನಸ್ಸು ಕಣ್ಣೆದುರಿನ ನಡೆಯಿಂದ ತಿರುಗಿತು.

ಕಥೆಯ ಕೊನೆಯಲ್ಲಿ ಮಾತ್ರ ಶಿಕ್ಷಕರು ಸ್ವಲ್ಪ ತಡೆದು ನಿಲ್ಲಬೇಕು. ಪಶ್ಚಾತ್ತಾಪಗೊಂಡ ಹುಲಿ ಹಾರಿ ಪ್ರಾಣ ಬಿಡುತ್ತದೆ. ಕಾವ್ಯಕ್ಕೆ ಆ ಮುಕ್ತಾಯ ಒಪ್ಪುತ್ತದೆ. ಆದರೆ ತಪ್ಪು ಮಾಡಿದವರಿಗೆ ಮುಂದೆ ಬದುಕೇ ಇಲ್ಲವೆಂಬ ಭಾವ ಮಗುವಿನ ಮನಸ್ಸಿನಲ್ಲಿ ನೆಲೆಯೂರಬಾರದು. ‘ಹುಲಿ ಬದುಕಿ ಉಳಿದಿದ್ದರೆ ಮರುದಿನದಿಂದ ಹೇಗೆ ಬಾಳಬಹುದಿತ್ತು?’ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳ ಉತ್ತರಗಳಿಂದಲೇ ಒಳ್ಳೆಯ ಚರ್ಚೆ ಹುಟ್ಟುತ್ತದೆ. ಪಶ್ಚಾತ್ತಾಪದ ಸಾರ್ಥಕತೆ ಮರುದಿನದ ನಡೆಯಲ್ಲಿದೆ.

ಇದನ್ನು ಶಾಲೆಯ ವ್ಯವಹಾರಕ್ಕೆ ಇಳಿಸುವುದಾದರೆ ಕ್ರಮ ಸರಳವಾದದ್ದು. ತಪ್ಪು ಮಾಡಿದ ಮಗುವನ್ನು ಎಲ್ಲರೆದುರು ನಿಲ್ಲಿಸದೆ ಒಂಟಿಯಾಗಿ ಕರೆಯಬೇಕು. ‘ನೀನು ಕಳ್ಳ’ ಎನ್ನುವ ಬದಲು, ‘ಈ ಪೆನ್ನು ನಿನ್ನದಲ್ಲ, ನಿನ್ನ ಚೀಲದಲ್ಲಿ ಸಿಕ್ಕಿದೆ’ ಎಂದು ನಡೆದದ್ದನ್ನಷ್ಟೇ ಹೇಳಬೇಕು. ಇದರಿಂದ ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವುದು ಹೇಗೆ ಎಂದು ಮಗುವನ್ನೇ ಕೇಳಬೇಕು. ವಸ್ತು ಮರಳಿದ ಮೇಲೆ, ಕ್ಷಮೆ ಕೇಳಿಯಾದ ಮೇಲೆ ಆ ವಿಷಯ ಮುಗಿಯಬೇಕು. ಮುಂದಿನ ಬಾರಿ ಇನ್ನಾರದೋ ಪೆನ್ನು ಕಳೆದಾಗ ಎಲ್ಲರ ಕಣ್ಣೂ ಅದೇ ಮಗುವಿನ ಮೇಲೆ ಬೀಳದಂತೆ ಶಿಕ್ಷಕರೇ ಎಚ್ಚರ ವಹಿಸಬೇಕು.

ಗಡಿನಾಡಿನ ಶಾಲೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕನ್ನಡ ಮಾಧ್ಯಮದಲ್ಲಿ ಕುಳಿತ ಮಗುವಿನ ಮನೆಮಾತು ತುಳು, ಮಲಯಾಳ, ಬಡಗ, ಮರಾಠಿ, ತೆಲುಗು ಅಥವಾ ಉರ್ದು ಆಗಿರಬಹುದು. ಪಾಠದ ಕನ್ನಡ ಬಂದರೂ ಅಪಮಾನದ, ಅಳುಕಿನ, ಕ್ಷಮೆಯ ಕನ್ನಡ ಅದಕ್ಕೆ ಇನ್ನೂ ಬಂದಿರದೆ ಇರಬಹುದು. ಅಂಥ ಮಗು ವಿಚಾರಣೆಯ ವೇಳೆ ತಡವರಿಸಿದರೆ ಸುಳ್ಳು ಹೇಳುತ್ತಿದೆಯೆಂದೂ, ಸುಮ್ಮನಿದ್ದರೆ ಹಟಮಾರಿಯೆಂದೂ ಭಾವಿಸುವುದು ಸುಲಭ. ಮನೆಮಾತಿನಲ್ಲಿಯೇ ಹೇಳಲು ಅವಕಾಶ ಕೊಟ್ಟರೆ, ಅಥವಾ ಗಾಂಧಿಯಂತೆ ಚೀಟಿಯಲ್ಲಿ ಬರೆದು ಕೊಡಲು ಬಿಟ್ಟರೆ, ಅನೇಕ ‘ಸುಳ್ಳುಗಾರರು’ ನಿಜ ಹೇಳಿಯಾರು.

ಶಿಕ್ಷಕರ ನಡೆ

ರಾಜಕೋಟೆಯ ತರಗತಿಗೆ ಮತ್ತೊಮ್ಮೆ ಮರಳಬೇಕು. ಬೂಟಿನ ತುದಿಯಿಂದ ತಟ್ಟಿದ ಆ ಶಿಕ್ಷಕರು ದುಷ್ಟರಾಗಿದ್ದರೆಂದು ಹೇಳಲು ಆಧಾರವಿಲ್ಲ. ತಪಾಸಣೆಯ ಅಧಿಕಾರಿ ಎದುರಿಗಿದ್ದರು. ತರಗತಿಯ ಮಾನದ ಪ್ರಶ್ನೆಯಿತ್ತು. ಸಂದರ್ಭದ ಒತ್ತಡವೆಂಬುದು ಮಕ್ಕಳಿಗೆ ಮಾತ್ರ ಇರುವುದಲ್ಲ. ಇಂದಿನ ಕನ್ನಡ ಶಾಲೆಯ ಶಿಕ್ಷಕರ ಮೇಲೂ ಅಂಥ ಒತ್ತಡವಿದೆ. ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ವಿಭಾಗವೇ ಉಳಿದೀತೇ ಎಂಬ ಭಯ ಹಲವರದು. ಬಾರದ ಮಗುವಿಗೆ ಹಾಜರಿ ಹಾಕುವ, ತಪಾಸಣೆಯ ದಿನ ಉತ್ತರವನ್ನು ಮೊದಲೇ ಹೇಳಿಕೊಡುವ ಪ್ರಲೋಭನೆ ಹುಟ್ಟುವುದು ಸ್ವಾರ್ಥದಿಂದಲ್ಲ. ಶಾಲೆಯ ಮೇಲಿನ ಪ್ರೀತಿಯಿಂದಲೇ ಹುಟ್ಟಬಹುದು. ಆದರೂ ಬೆಂಚಿನ ಮೇಲೆ ಕುಳಿತ ಮಕ್ಕಳು ಅದನ್ನು ನೋಡುತ್ತಿರುತ್ತಾರೆ. ಖಾಲಿ ಜಾಗವನ್ನೂ ಹಾಜರಿ ಪುಸ್ತಕವನ್ನೂ ಹೋಲಿಸಿ ನೋಡುವ ಲೆಕ್ಕ ಮೂರನೆಯ ತರಗತಿಯ ಮಗುವಿಗೂ ಬರುತ್ತದೆ. ಸುಳ್ಳಿನಿಂದ ಉಳಿಸಿದ ಶಾಲೆಯಲ್ಲಿ ಸತ್ಯದ ಪಾಠ ನಿಲ್ಲುವುದಿಲ್ಲ.

ಶಿಷ್ಯರ ತಪ್ಪಿನಲ್ಲಿ ಗುರುವಿಗೂ ಪಾಲಿದೆಯೆಂಬ ಭಾವವನ್ನು ಗಾಂಧಿಯವರು ಬಹಳ ದೂರ ಒಯ್ದರು. ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದಲ್ಲಿ ತಮ್ಮ ಪಾಲನೆಯಲ್ಲಿದ್ದ ಇಬ್ಬರ ನೈತಿಕ ಪತನದ ಸುದ್ದಿ ಬಂದಾಗ ಅವರು 7 ದಿನ ಉಪವಾಸ ಮಾಡಿ, ನಾಲ್ಕೂವರೆ ತಿಂಗಳು ದಿನಕ್ಕೊಂದೇ ಊಟದ ವ್ರತ ಹಿಡಿದರು. ಶಾಲೆಗಳು ಇದನ್ನು ಅನುಸರಿಸಬೇಕಿಲ್ಲ. ಆದರೆ ‘ಈ ಮಗು ಏಕೆ ಹೀಗೆ?’ ಎಂಬ ಪ್ರಶ್ನೆಯ ಜೊತೆಗೆ ‘ಈ ತರಗತಿಯಲ್ಲಿ ಹೀಗಾಗಲು ಏನು ಎಡೆಮಾಡಿತು?’ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಎಲ್ಲ ಶಿಕ್ಷಕರಿಗೂ ಸಾಧ್ಯ.

ಉತ್ತಮಗೊಳ್ಳುವುದು ತಪ್ಪು ಮಾಡಿದವರಿಗೆ ಮಾತ್ರ ಸಂಬಂಧಿಸಿದ ಮಾತೆಂದು ತಿಳಿಯುವವರು ಸೊಲ್ಲಾಪುರದ ನೆಲದವರೇ ಆದ ಸಿದ್ಧರಾಮನನ್ನು ನೆನೆಯಬಹುದು. 12ನೆಯ ಶತಮಾನದಲ್ಲಿ ಸೊನ್ನಲಿಗೆ ಎಂದು ಹೆಸರಾಗಿದ್ದ ಆ ಊರಿನಲ್ಲಿ ಅವನು ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಜನಕ್ಕೆ ನೆರವಾದ. ಲೋಕದ ಕಣ್ಣಿಗೆ ಅವನ ನಡತೆಯಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ. ಅಲ್ಲಮಪ್ರಭು ಬಂದು ಕಠಿಣವಾಗಿ ಪ್ರಶ್ನಿಸಿದಾಗ, ಆ ಸೇವೆಯೊಳಗೆ ಅಡಗಿದ್ದ ‘ನಾನು ಮಾಡಿದೆ’ ಎಂಬ ಭಾವ ಅವನಿಗೇ ಕಾಣಿಸಿತೆಂದೂ, ಆಮೇಲೆ ಅವನು ಕಲ್ಯಾಣದ ಶರಣರ ಜೊತೆ ಸೇರಿದನೆಂದೂ ಪರಂಪರೆ ಹೇಳುತ್ತದೆ. ಒಳ್ಳೆಯವನೆಂದು ಊರೆಲ್ಲ ಒಪ್ಪಿದ ಮೇಲೂ ಅವನ ನಡೆ ನಿಂತಿರಲಿಲ್ಲ. ಬುದ್ಧಿ ಹೇಳುವ ಸ್ಥಾನದಲ್ಲಿರುವ ಶಿಕ್ಷಕರಿಗೆ ಈ ಉದಾಹರಣೆ ಹತ್ತಿರದ್ದು.

ಮುಂದಿನ ಸೋಮವಾರದಿಂದ ಆರಂಭಿಸಬಹುದಾದ ಚಿಕ್ಕ ಕೆಲಸವೊಂದಿದೆ. ಪ್ರತಿ ಮಗುವಿಗೂ ಒಂದು ಪುಟವಿರುವ ಟಿಪ್ಪಣಿ ಪುಸ್ತಕವನ್ನು ಶಿಕ್ಷಕರು ಇಟ್ಟುಕೊಳ್ಳಲಿ. ಅದರಲ್ಲಿ ವಿಶೇಷಣಗಳನ್ನು ಬರೆಯದಿರಲಿ; ‘ಸೋಮಾರಿ’, ‘ಒಳ್ಳೆಯವಳು’, ‘ತುಂಟ’ ಎಂಬ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಕಂಡ ನಡೆಯನ್ನು ಮಾತ್ರ ದಿನಾಂಕದೊಂದಿಗೆ ಒಂದು ಸಾಲಿನಲ್ಲಿ ಬರೆಯಲಿ: ಯಾರಿಗೆ ನೀರು ತಂದುಕೊಟ್ಟಳು, ಯಾವ ತಪ್ಪನ್ನು ಕೇಳದೆಯೇ ಒಪ್ಪಿಕೊಂಡ, ಎಲ್ಲಿ ಎಡವಿದ, ಎಡವಿದ್ದನ್ನು ಹೇಗೆ ಸರಿಪಡಿಸಿದ. ಮೂರು ತಿಂಗಳ ಬಳಿಕ ಪುಟ ತಿರುವಿದರೆ, ಕೆಟ್ಟ ಹುಡುಗನೆಂದು ಹೆಸರಾದವನ ಪುಟದಲ್ಲಿ ಗಮನಿಸದೆ ಹೋಗಿದ್ದ ಒಳ್ಳೆಯ ಸಾಲುಗಳು ಕಾಣಿಸಬಹುದು. ಕೆಲವು ಮಕ್ಕಳ ಪುಟಗಳು ಖಾಲಿಯೇ ಉಳಿದಿದ್ದರೆ, ಆ ಮಕ್ಕಳನ್ನು ಇದುವರೆಗೆ ಯಾರೂ ಸರಿಯಾಗಿ ನೋಡಿಯೇ ಇಲ್ಲವೆಂಬುದು ತಿಳಿಯಬಹುದು. ಪಾಲಕರ ಸಭೆಯಲ್ಲಿ ಪ್ರತಿಯೊಂದು ಮಗುವಿನ ಬಗ್ಗೆ ಆ ಪುಟದ ಒಂದು ಒಳ್ಳೆಯ ಸಾಲನ್ನಾದರೂ ಓದಿ ಹೇಳಲಿ. ತನ್ನ ಮಗುವಿನ ವಿಷಯದಲ್ಲಿ ಶಾಲೆಯಿಂದ ದೂರನ್ನಷ್ಟೇ ಕೇಳಿ ಬಲ್ಲ ತಾಯಿಗೆ ಆ ಒಂದು ಸಾಲಿನ ಬೆಲೆ ಎಷ್ಟೆಂಬುದನ್ನು ಆ ದಿನ ಅವಳ ಮುಖವೇ ಹೇಳುತ್ತದೆ.